ಸಂಘದ ಲೆಕ್ಕಪುಸ್ತಕವೂ ಆಪಲ್ ಸರ್ವರೂ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಸಂಬಳದ ಮಾತಾಗಲಿ ರಜೆಯ ಮಾತಾಗಲಿ ಆಡಲು ನಿಂತಿಲ್ಲ. ನಮ್ಮ ಸದಸ್ಯರ ಪುಸ್ತಕದ ವಿಷಯ ಹೇಳಬೇಕಾಗಿದೆ. ಯಾರು ಯಾವ ತಿಂಗಳ ವರ್ಗಣಿ ಕೊಟ್ಟರು, ಯಾರು ಯಾವ ಹೋಟೆಲಿನಲ್ಲಿ ಎಷ್ಟು ವರ್ಷ ದುಡಿದರು, ಕಾಯಿಲೆ ನಿಧಿಯಿಂದ ಯಾರಿಗೆ ಎಷ್ಟು ಸಂದಿತು, ಇದೆಲ್ಲ ಇರುವುದು ಅದರಲ್ಲಿ. ಬರಿಯ ಕಾಗದವಲ್ಲವೇ ಎನ್ನುವವರು ಗಿರಣಿಯ ಹಿರಿಯರನ್ನು ಕೇಳಲಿ. 1982ರ ಜನವರಿಯಲ್ಲಿ ಮುಷ್ಕರ ಹೂಡಿ ಹೊರಬಂದವರಿಗೆ, ಎಷ್ಟೋ ವರ್ಷಗಳ ಮೇಲೆ ಮನೆಗೆ ಅರ್ಜಿ ಹಾಕುವ ಕಾಲ ಬಂದಾಗ, ತಾನು ಗಿರಣಿಯಲ್ಲಿ ದುಡಿದವನೆಂದು ತೋರಿಸಲು ಟಿಕೆಟ್ ನಂಬರನ್ನೋ ಪ್ರಾವಿಡೆಂಟ್ ಫಂಡಿನ ಚೀಟಿಯನ್ನೋ ಹುಡುಕಬೇಕಾಯಿತು. ಮೈಯಲ್ಲಿ ಬೆವರು ಹರಿದಿದ್ದರೆ ಸಾಲದು, ಪುಸ್ತಕದಲ್ಲಿ ಹೆಸರಿರಬೇಕು.

ಈಗ ನಮ್ಮ ಇಬ್ಬರು ಹುಡುಗರು ಹಗಲು ಕಂಪೆನಿ ಕೆಲಸ ಮುಗಿಸಿ ರಾತ್ರಿ ಕೂತು ಈ ಪುಸ್ತಕಕ್ಕಾಗಿ ಒಂದು ವೆಬ್ ಆಪ್ ಕಟ್ಟಿದ್ದಾರೆ. ರೂಬಿ ಆನ್ ರೇಲ್ಸ್ ಎಂಬ ಚೌಕಟ್ಟಿನ ಮೇಲೆ ಕಟ್ಟಿದ್ದು. ಡೆನ್ಮಾರ್ಕಿನ ಡೇವಿಡ್ ಹೈನಮೈಯರ್ ಹಾನ್ಸನ್ ಎಂಬವರು 2004ರಲ್ಲಿ ಇದನ್ನು ಲೋಕಕ್ಕೆ ಬಿಟ್ಟುಕೊಟ್ಟರು. ದುಡ್ಡಿಲ್ಲ, ಯಾರೂ ಬಳಸಬಹುದು. ಅಡಿಗೆಮನೆಯಲ್ಲಿ ಒಲೆ, ಕಪಾಟು, ಪಾತ್ರೆ ಎಲ್ಲ ಜೋಡಿಸಿಟ್ಟಂತೆ ಅದು; ಪಾಕವಿಧಾನ ಮಾತ್ರ ನಮ್ಮದು. ಇದನ್ನು ಕೂಡಿಸಲು ಸರ್ವರ್ ಬೇಕು. ಸರ್ವರ್ ಎಂದರೆ ಬಡಿಸುವವನು. ಆ ಕೆಲಸ ನಮ್ಮಲ್ಲಿ ಯಾರಿಗೂ ಹೊಸತಲ್ಲ! ಕೇಳಿದವರಿಗೆ ಕೇಳಿದ ಪುಟ ತಂದುಕೊಡುತ್ತ ಹಗಲೂ ರಾತ್ರಿಯೂ ಎಚ್ಚರವಿರುವ ಯಂತ್ರ.

ಹಿತೈಷಿಗಳೊಬ್ಬರು 2012ರ ಮಾದರಿಯ ಆಪಲ್ ಮ್ಯಾಕ್ ಮಿನಿ ಒಂದನ್ನು ಸಂಘಕ್ಕೆ ಕೊಟ್ಟಿದ್ದಾರೆ. ಅವರಿಗೆ ನಮ್ಮ ವಂದನೆಗಳು. ಅದರಲ್ಲಿ ಇರುವುದು 2017ರ ಹೈ ಸಿಯೆರಾ, ಅದರ ಮೇಲೆ ಆಪಲ್‌ನವರದೇ ‘ಸರ್ವರ್’ ಎಂಬ ತಂತ್ರಾಂಶ. ಗುಂಡಿ ಒತ್ತಿದರೆ ವೆಬ್‌ಸೈಟ್ ಶುರು, ಇನ್ನೊಂದು ಗುಂಡಿ ಒತ್ತಿದರೆ ನಿಂತಿತು. ಇಷ್ಟು ಸುಲಭವಿರುವಾಗ ಇದರ ಮೇಲೆಯೇ ಕೂಡಿಸಿಬಿಡೋಣ ಎಂದು ಕೆಲವು ಬಂಧುಗಳ ಅಭಿಪ್ರಾಯ. ನಾವು ಅದನ್ನು ಒಪ್ಪುವುದಿಲ್ಲ. ಏಕೆಂಬುದನ್ನು ತಮ್ಮ ಮುಂದೆ ಇಡುತ್ತೇವೆ.

ಆಪಲ್‌ನವರು ಮ್ಯಾಕ್ ಓಎಸ್ ಟೆನ್ ಸರ್ವರನ್ನು ಹೊರತಂದದ್ದು 1999ರಲ್ಲಿ. 2002ರಲ್ಲಿ ಎಕ್ಸ್‌ಸರ್ವ್ ಎಂಬ ಚಪ್ಪಟೆ ಯಂತ್ರವನ್ನೂ ಮಾರಿದರು. 2007ರ ಅಕ್ಟೋಬರಿನಲ್ಲಿ ಬಂದ ಲೆಪರ್ಡ್ ಆವೃತ್ತಿಯಲ್ಲಿ ರೇಲ್ಸ್ ಚೌಕಟ್ಟನ್ನು ಅವರೇ ಒಳಗಿಟ್ಟು ಕೊಟ್ಟರು. ಆಗ ರೇಲ್ಸ್ ಬರೆಯುವವರಿಗೆ ಹಬ್ಬವೇ ಹಬ್ಬ. ಆದರೆ ಒಳಗಿಟ್ಟದ್ದು 1.2ರ ಪೀಳಿಗೆಯದು, ಅದೇ ಡಿಸೆಂಬರಿನಲ್ಲಿ ರೇಲ್ಸ್ 2.0 ಹೊರಬಂದಿತು. ಧನಿ ತಂದಿಟ್ಟ ಹಿಟ್ಟು ಎರಡೇ ತಿಂಗಳಲ್ಲಿ ಹಳೆಯದಾಯಿತು. ಆದುದರಿಂದ ಬಲ್ಲವರು ವ್ಯವಸ್ಥೆಯ ರೂಬಿಯನ್ನು ಮುಟ್ಟದೆ, ಬೇರೊಂದು ಜಾಗದಲ್ಲಿ ತಮ್ಮದೇ ರೂಬಿಯನ್ನು ಹಾಕಿಕೊಂಡು ನಡೆಸಿದರು.

ಇನ್ನು ಬೆಲೆಯನ್ನು ನೋಡಿ. ಲೆಪರ್ಡ್ ಸರ್ವರಿಗೆ, ಎಷ್ಟು ಜನ ಬೇಕಾದರೂ ಬಳಸುವ ಪರವಾನಗಿಗೆ, 999 ಡಾಲರು. 2009ರಲ್ಲಿ 499. 2011ರಲ್ಲಿ ಐವತ್ತು. 2012ರಲ್ಲಿ ಇಪ್ಪತ್ತು. ಅಗ್ಗವಾಯಿತೆಂದು ಜನ ಹಿಗ್ಗಿದರು. ನಾವು ಹೋಟೆಲಿನವರು, ಊಟದ ಬೆಲೆ ಹೀಗೆ ಇಳಿಯುತ್ತ ಹೋದರೆ ಧನಿಗೆ ಆ ವ್ಯಾಪಾರದಲ್ಲಿ ಮನಸ್ಸಿಲ್ಲವೆಂದು ಗಲ್ಲಾದ ಹುಡುಗನಿಗೂ ತಿಳಿಯುತ್ತದೆ. ಎಕ್ಸ್‌ಸರ್ವ್ ಯಂತ್ರದ ಮಾರಾಟ 2011ರ ಜನವರಿಗೆ ಮುಗಿಯಿತು. 2011ರ ಲಯನ್ ಸರ್ವರಿನಲ್ಲಿ ಮೈಎಸ್‌ಕ್ಯೂಎಲ್ ತೆಗೆದು ಪೋಸ್ಟ್‌ಗ್ರೆಸ್ ಇಟ್ಟರು. ಲೆಕ್ಕ ಮೈಎಸ್‌ಕ್ಯೂಎಲ್‌ನಲ್ಲಿದ್ದವರು ತಾವೇ ದಾರಿ ನೋಡಿಕೊಳ್ಳಬೇಕಾಯಿತು. 2018ರಲ್ಲಿ ವೆಬ್‌ಸೈಟ್, ಅಂಚೆ, ವಿಕಿ ಮುಂತಾದವುಗಳನ್ನು ಸರ್ವರ್ ತಂತ್ರಾಂಶದಿಂದಲೇ ಕಿತ್ತುಹಾಕಿದರು. 2022ರ ಏಪ್ರಿಲ್ 21ರಂದು ಇಡೀ ತಂತ್ರಾಂಶಕ್ಕೇ ಬಾಗಿಲು ಹಾಕಿದರು.

ಇದರಲ್ಲಿ ದ್ವೇಷವೇನೂ ಇಲ್ಲ. ಆಪಲ್‌ನವರ ವ್ಯಾಪಾರ ಮೇಜಿನ ಮೇಲಿನ ಯಂತ್ರ, ಕೈಯಲ್ಲಿನ ಫೋನು. ಸರ್ವರ್ ಅವರಿಗೆ ಮುಖ್ಯ ಅಂಗಡಿಯಲ್ಲ, ಪಕ್ಕದ ಪಾನಬೀಡಾ ಗೂಡು. ಗೂಡು ಮುಚ್ಚಿದರೆ ಅಂಗಡಿಗೆ ನಷ್ಟವಿಲ್ಲ, ಗೂಡನ್ನು ನಂಬಿದವನಿಗೆ ನಷ್ಟ.

ಹಾಗಾದರೆ ಆಪಲ್‌ನವರ ಗುಂಡಿಗಳನ್ನು ಬಿಟ್ಟು, ಬರಿಯ ಮ್ಯಾಕ್ ಮೇಲೆ ರೇಲ್ಸ್ ನಡೆಯದೇ ಎಂದು ಕೇಳಬಹುದು. ನಡೆಯುತ್ತದೆ. ಎಂಜಿನ್‌ಎಕ್ಸ್ ಎಂಬುದನ್ನು ಮುಂಬಾಗಿಲಲ್ಲಿ ನಿಲ್ಲಿಸಿ, ಬಂದ ಆರ್ಡರನ್ನು ಒಳಗೆ 3000ನೆಯ ಪೋರ್ಟಿನಲ್ಲಿರುವ ರೇಲ್ಸಿಗೆ ದಾಟಿಸಬೇಕು. ಸರ್ವರ್ ತಂತ್ರಾಂಶದ ಅಪಾಚೆ ಅದೇ ಬಾಗಿಲನ್ನು ಹಿಡಿದಿದ್ದರೆ ಮೊದಲು ಅದನ್ನು ಏಳಿಸಬೇಕು. ಒಂದು ಗಲ್ಲಾಕ್ಕೆ ಇಬ್ಬರು ಕೂರಲಾಗದು. ಯಂತ್ರ ಹೊತ್ತಿಕೊಂಡಾಗ ರೇಲ್ಸನ್ನು ಎಬ್ಬಿಸುವ ಕೆಲಸ ಲಾಂಚ್‌ಡಿ ಎಂಬುದರದು. ಇಲ್ಲಿ ಒಂದು ಸೂಕ್ಷ್ಮವಿದೆ. ಲಾಂಚ್‌ಏಜೆಂಟ್ಸ್ ಎಂಬ ಕಪಾಟಿನಲ್ಲಿ ಚೀಟಿ ಇಟ್ಟರೆ, ಯಾರಾದರೂ ಬಂದು ಲಾಗಿನ್ ಆದ ಮೇಲೆಯೇ ಕೆಲಸ ಶುರು. ಲಾಂಚ್‌ಡೀಮನ್ಸ್ ಕಪಾಟಿನಲ್ಲಿ ಇಟ್ಟರೆ ಯಾರೂ ಬರುವುದು ಬೇಡ, ಬೆಳಗಿನ ನಾಲ್ಕಕ್ಕೆ ತಾನೇ ಎದ್ದು ಭಟ್ಟಿ ಹೊತ್ತಿಸುವ ಭಟ್ಟರ ಹಾಗೆ. ಅಷ್ಟಾದರೂ, ಫೈಲ್‌ವಾಲ್ಟ್ ಬೀಗ ಹಾಕಿದ್ದರೆ, ಕರೆಂಟು ಹೋಗಿಬಂದ ಮೇಲೆ ಯಂತ್ರವು ಪಾಸ್‌ವರ್ಡ್ ಕೇಳುತ್ತ ನಿಂತುಬಿಡುತ್ತದೆ. ನಮ್ಮ ಕಚೇರಿಗೆ ಬೀಗ ತೆಗೆಯುವುದು ಸಂಜೆ ಏಳಕ್ಕೆ. ಬೆಳಗಿನ ಪಾಳಿಯವನು ಫೋನಿನಲ್ಲಿ ತನ್ನ ಲೆಕ್ಕ ನೋಡಬೇಕೆಂದರೆ ಏನು ಮಾಡಬೇಕು?

ಇದಕ್ಕೂ ದೊಡ್ಡ ಕಾರಣ ಇನ್ನೊಂದಿದೆ. ಹೈ ಸಿಯೆರಾಗೆ ಭದ್ರತೆಯ ತಿದ್ದುಪಡಿಗಳು 2020ರ ಕೊನೆಗೆ ನಿಂತವು. ಈ ಮಾದರಿಯ ಯಂತ್ರಕ್ಕೆ ಆಪಲ್‌ನವರು ಕೊಟ್ಟ ಕೊನೆಯ ಆವೃತ್ತಿ 2019ರ ಕ್ಯಾಟಲಿನಾ. ಅದಕ್ಕೂ 2022ರಲ್ಲಿ ನಿಂತವು. ಚಿಲಕ ಸಡಿಲವಾದ ಮನೆಯಲ್ಲಿ ಸಾವಿರ ಮನೆಗಳ ಲೆಕ್ಕವನ್ನು ಇಟ್ಟು ಬೀದಿಗೆ ಬಾಗಿಲು ತೆರೆಯುವುದು ಹೇಗೆ?

ಯಂತ್ರದ ಕಬ್ಬಿಣ ಗಟ್ಟಿಯಾಗಿದೆ. ಆದುದರಿಂದ ಪೆಟ್ಟಿಗೆಯನ್ನು ಇಟ್ಟುಕೊಂಡು, ಒಳಗಿನದನ್ನು ಅಳಿಸಿ, ಡೆಬಿಯನ್ ಲಿನಕ್ಸ್ ಹಾಕೋಣವೆಂದು ನಾವು ಸೂಚಿಸುತ್ತೇವೆ. ಇದು ಒಬ್ಬ ಧನಿಯದಲ್ಲ. 1993ರಿಂದ ಸ್ವಯಂಸೇವಕರು ಕೂಡಿ ನಡೆಸಿಕೊಂಡು ಬಂದ ಕೆಲಸ, ಸರ್ವರಾಗುವುದೇ ಅದರ ಮುಖ್ಯ ಉದ್ಯೋಗಗಳಲ್ಲಿ ಒಂದು. ಹುಡುಗರು ಬರೆಯುವುದು ತಮ್ಮ ಮ್ಯಾಕ್ ಲ್ಯಾಪ್‌ಟಾಪಿನಲ್ಲಿಯೇ ಇರಲಿ, ಅಡ್ಡಿಯಿಲ್ಲ. ಬರೆಯುವ ಮೇಜು ಬೇರೆ, ಬಡಿಸುವ ಮೇಜು ಬೇರೆ.

ಹುಡುಗರಿಗೆ ಎರಡು ಮಾತು. ಮ್ಯಾಕ್ ಸಾಮಾನ್ಯವಾಗಿ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ನೋಡುವುದಿಲ್ಲ, ಲಿನಕ್ಸ್ ನೋಡುತ್ತದೆ. ಅಲ್ಲಿ ಓಡಿದ್ದು ಇಲ್ಲಿ ‘ಕಡತವಿಲ್ಲ’ ಎಂದು ಮುಗ್ಗರಿಸೀತು. ಮೊದಲೇ ಹೆಸರುಗಳನ್ನು ಸರಿಮಾಡಿಕೊಳ್ಳಿ. ಇನ್ನು, ಪೋಸ್ಟ್‌ಗ್ರೆಸ್‌ನ ಕಡತಗಳನ್ನೇ ಎತ್ತಿ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹಾಕಬೇಡಿ. ಪಿಜಿ ಡಂಪ್ ಎಂಬ ಸಲಕರಣೆಯಿಂದ ಲೆಕ್ಕವನ್ನು ಹೊರತೆಗೆದು ತುಂಬಿರಿ. ಪ್ರತಿ ರಾತ್ರಿ ಹಾಗೆ ಒಂದು ಪ್ರತಿ ತೆಗೆಯತಕ್ಕದ್ದು, ಅದು ಕಚೇರಿಯ ಹೊರಗೆ ಇರತಕ್ಕದ್ದು. ನಾಳೆ ಡೆಬಿಯನ್ನೂ ಬೇಡವಾದರೆ, ಆ ಪ್ರತಿಯೂ ನಿಮ್ಮ ಕೋಡೂ ಇದ್ದರೆ ಸಾಕು, ಇನ್ನೊಂದು ಯಂತ್ರದಲ್ಲಿ ಪುಸ್ತಕ ಮತ್ತೆ ತೆರೆಯುತ್ತದೆ.

ಮುದ್ರಿಸಿದ ಪಟ್ಟಿಯನ್ನೂ ತಿಂಗಳಿಗೊಮ್ಮೆ ತೆಗೆದು ಗೋಡೆಗೆ ಅಂಟಿಸುವ ಪದ್ಧತಿಯನ್ನು ಬಿಡಬಾರದೆಂದು ಹಿರಿಯರು ಹೇಳಿದ್ದಾರೆ. ನಮಗೆ ಅದು ಪೂರ್ಣ ಒಪ್ಪಿಗೆ.

ಈ ಸೂಚನೆಯನ್ನು ತಾವು ಇಂದು ಮತಕ್ಕೆ ಹಾಕಬೇಕೆಂದು ಕೋರುತ್ತೇವೆ. ಒಪ್ಪಿದರೆ ಬರುವ ಸೋಮವಾರ ರಾತ್ರಿ ಹೋಟೆಲುಗಳು ಮುಚ್ಚಿದ ಮೇಲೆ ಹನ್ನೊಂದೂವರೆಗೆ ಕೆಲಸ ಶುರು. ಹಳೆಯ ಪುಸ್ತಕಗಳಿಂದ ಹೆಸರು ಓದಿ ಹೇಳಲು ನಾಲ್ಕು ಮಂದಿ ಬೇಕು, ಅವರಲ್ಲಿ ಒಬ್ಬರಾದರೂ ಮೊದಲಿನ ಗುಮಾಸ್ತರ ಮೋಡಿ ಅಕ್ಷರ ಓದಬಲ್ಲವರಾಗಿರಬೇಕು. ಚಹಾದ ವ್ಯವಸ್ಥೆ ನಾವು ನೋಡಿಕೊಳ್ಳುತ್ತೇವೆ.