ಅರಿವೂ ದಾಸೋಹವಾಗಲಿ

(ಕದರಮಂಡಲಗಿಯ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಮೆಣಸಿನಗಿಡದ ಒಂದು ಎಲೆಯಿಂದ ಮಾತು ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹೊಲದಲ್ಲಿ ಬ್ಯಾಡಗಿ ಮೆಣಸಿನ ಎಲೆ ಮುದುಡಿತು. ಔಷಧದ ಅಂಗಡಿಗೆ ಹೋಗಿ ‘ಎಲಿ ಮುದುಡೇತ್ರಿ’ ಎಂದೆ. ಕೊಟ್ಟ ಡಬ್ಬಿ ತಂದು ಹೊಡೆದೆ. ಎಂಟು ದಿನಕ್ಕೆ ಇನ್ನೊಂದು ಡಬ್ಬಿ. ಗಿಡ ಬೆಳೆಯಲಿಲ್ಲ, ಸಾಲ ಬೆಳೆಯಿತು. ಕೊನೆಗೆ ಮಗ ಎಲೆಯ ಫೋಟೊ ತೆಗೆದು ಕೃಷಿ ವಿಜ್ಞಾನಿಯೊಬ್ಬರಿಗೆ ವಾಟ್ಸಾಪಿನಲ್ಲಿ ಕಳಿಸಿದ. ಅವರು ಕೇಳಿದ್ದು ಒಂದೇ ಪ್ರಶ್ನೆ: ಎಲೆ ಮೇಲಕ್ಕೆ ಮುದುಡಿದೆಯೋ, ಕೆಳಕ್ಕೋ? ಮೇಲಕ್ಕಾದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿ, ಕೆಳಕ್ಕಾದರೆ ಮೈಟ್ ನುಸಿ. ಎರಡಕ್ಕೂ ಔಷಧ ಬೇರೆ. ಆ ಒಂದು ಪ್ರಶ್ನೆ ಮೊದಲೇ ಸಿಕ್ಕಿದ್ದರೆ ನನ್ನ ಆ ವರ್ಷದ ಗಂಟು ಉಳಿಯುತ್ತಿತ್ತು.

ಬಂಧುಗಳೇ, ಕೇಳುವ ದಾರಿಗಳು ಇವೆ. 2004ರಿಂದ ಕಿಸಾನ್ ಕಾಲ್ ಸೆಂಟರ್ ನಡೆಯುತ್ತಿದೆ. 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉತ್ತರ, ಖರ್ಚಿಲ್ಲ. 2019ರಲ್ಲಿ ‘ಮೇಘದೂತ’ ಆ್ಯಪ್ ಬಂತು. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಅದರಲ್ಲಿ ಸಿಗುತ್ತದೆ. ನಾಳೆ ಮಳೆಯೆಂದು ಗೊತ್ತಿದ್ದರೆ ಇಂದು ಔಷಧ ಹೊಡೆಯುವುದಿಲ್ಲ, ಕಣದಲ್ಲಿ ಹಣ್ಣುಗಾಯಿ ಹರವುವುದಿಲ್ಲ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಮಗೆ ದೂರವೂ ಅಲ್ಲ.

ಆದರೆ ಫೋನು ಯಾರ ಕೈಯಲ್ಲಿದೆ? ಕಳೆ ಕೀಳುವಾಗ ಮುದುಡಿದ ಎಲೆಯನ್ನು ಮೊದಲು ಕಾಣುವವಳು ತಾಯಿ; ಫೋನು ಮಗನ ಜೇಬಿನಲ್ಲಿ. ಅಕ್ಷರ ಬಾರದ ಅಜ್ಜನಿಗೆ, ಕೋರಿನ ಮೇಲೆ ಹೊಲ ಮಾಡುವವನಿಗೆ ಆ ಸಲಹೆ ಮುಟ್ಟುವುದೇ ಇಲ್ಲ. ಬಸವಾದಿ ಶರಣರು ಅರಿವನ್ನು ಕೆಲವರ ಗಂಟಿನಿಂದ ಬಿಡಿಸಿ ಆಡುಮಾತಿನಲ್ಲಿ ಎಲ್ಲರ ಮುಂದಿಟ್ಟರು. ದೇವರಿಗೂ ಭಕ್ತನಿಗೂ ನಡುವೆ ದಲ್ಲಾಳಿ ಬೇಡವೆಂದರು. ಅನುಭವ ಮಂಟಪದಲ್ಲಿ ಒಕ್ಕಲಿಗ ಮುದ್ದಣ್ಣನಂಥ ಬೇಸಾಯಗಾರನೂ ಕುಳಿತ. ನಾವು ಇಂದು ಫೋನನ್ನೇ ಹೊಸ ಪೂಜಾರಿಯನ್ನಾಗಿ ಮಾಡಿಕೊಂಡರೆ ಏನು ಸುಧಾರಿಸಿದಂತಾಯಿತು?

ಇನ್ನೊಂದು ಎಚ್ಚರ. ಯಾರೋ ಮುಂದೂಡಿದ ವಿಡಿಯೊ ಸಲಹೆಯಲ್ಲ. ಮಾರುವವನೇ ಸಲಹೆ ಕೊಟ್ಟರೆ, ಅಂಗಡಿಯಲ್ಲಿರಲಿ, ಪರದೆಯ ಮೇಲಿರಲಿ, ಎರಡು ಸಲ ಕೇಳಿ. ನೆಲದ ಗುಣ, ಗಿಡದ ವಯಸ್ಸು ಯಂತ್ರಕ್ಕೆ ನಾವು ಹೇಳಿದರಷ್ಟೇ ಗೊತ್ತು. ಕಾಯಕ ನಮ್ಮದು, ಪ್ರಶ್ನೆ ಕೇಳುವುದೂ ಆ ಕಾಯಕದ ಭಾಗ.

ನನ್ನದೊಂದು ಬಿನ್ನಹ. ನಮ್ಮ ಗೋಷ್ಠಿಯ ಕೊನೆಗೆ ಹತ್ತು ನಿಮಿಷ ತೆಗೆದಿಡೋಣ. ಓದು ಬಲ್ಲ ಹುಡುಗನೋ ಹುಡುಗಿಯೋ ಆ ವಾರದ ಸಲಹೆಯನ್ನು ಎಲ್ಲರಿಗೂ ಕೇಳುವಂತೆ ಓದಲಿ. ತಾಯಂದಿರು ಹೊಲದಲ್ಲಿ ಕಂಡದ್ದನ್ನು ಹೇಳಲಿ. ಎಲೆಯ ಮೇಲೂ ಕೆಳಗೂ ಫೋಟೊ ತೆಗೆದು ತಿಳಿದವರಿಗೆ ಕಳಿಸೋಣ. ಬಂದ ಉತ್ತರವನ್ನು ಮಠದ ಫಲಕದ ಮೇಲೆ ಬರೆಯೋಣ. ತಪ್ಪಾದ ಸಲಹೆಯನ್ನೂ ಬರೆಯೋಣ, ಮತ್ತೊಬ್ಬ ಮೋಸಹೋಗದಿರಲಿ.

ಅನ್ನ ದಾಸೋಹ ನಮಗೆ ಹೊಸದಲ್ಲ. ಆ ಅನ್ನ ಬೆಳೆಯುವವನಿಗೆ ಅರಿವಿನ ದಾಸೋಹವೂ ಇಲ್ಲಿಂದಲೇ ನಡೆಯಲಿ.