ಉಕ್ತಲೇಖನದ ಮೂರು ಪದ



‘ನಿನ್ನ ಸಂಶೋಧನೆ ಎಂತದ್ದು, ಊರವರಿಗೆ ಅರ್ಥವಾಗುವ ಹಾಗೆ ಹೇಳು’ ಎಂದಿದ್ದಾರೆ ಹೆಡ್ಮಾಷ್ಟ್ರು. ಪಿಎಚ್.ಡಿ.ಯ ಎರಡನೇ ವರ್ಷದಲ್ಲಿರುವವಳ ಹತ್ತಿರ ಹೇಳಲು ಹೆಚ್ಚೇನೂ ಇರುವುದಿಲ್ಲ. ಹಾಗಾಗಿ ಎಂಟನೇ ತರಗತಿಯಿಂದ ಶುರು ಮಾಡುತ್ತೇನೆ.

ನಮ್ಮ ಜೊತೆ ಒಬ್ಬ ಹುಡುಗನಿದ್ದ. ಹೆಸರು ಹೇಳುವುದಿಲ್ಲ, ಹಳಬರಿಗೆ ಗೊತ್ತಿದೆ. ಒಂದನೇ ತರಗತಿಯಲ್ಲೇ ಅವನು ನೆಲದಿಂದ ಏಳಬೇಕಾದರೆ ಮೊಣಕಾಲಿಗೆ, ತೊಡೆಗೆ ಕೈ ಊರಿ ತನ್ನ ಮೈಯನ್ನೇ ಹತ್ತುತ್ತಿದ್ದ. ಎಂಟಕ್ಕೆ ಬರುವಾಗ ನಡಿಗೆ ನಿಂತಿತ್ತು. ಮಳೆಗಾಲದಲ್ಲಿ ಅವನ ಅಮ್ಮ ಅವನನ್ನು ಎತ್ತಿಕೊಂಡು ತೋಡಿನ ಸಂಕ ದಾಟುತ್ತಿದ್ದರು. ಕಾಲಿನ ವಿಷಯದಲ್ಲಿ ಎಲ್ಲರಿಗೂ ಕನಿಕರ. ಉಕ್ತಲೇಖನದಲ್ಲಿ ಇರಲಿಲ್ಲ. ಏಳು ಪದದ ವಾಕ್ಯ ಹೇಳಿದರೆ ಮೂರು ಬರೆದು ಪೆನ್ನು ಕೆಳಗಿಡುತ್ತಿದ್ದ. ‘ರೋಗ ಕಾಲಿಗಲ್ವಾ, ತಲೆಗೆ ಎಂತ ಆಗಿದೆ?’ ಎಂದು ಕೇಳಿ ನಗಿಸಿದವಳು ನಾನೇ. ಒಂಬತ್ತಕ್ಕೆ ಅವನು ಬರಲಿಲ್ಲ.

ಆ ಪ್ರಶ್ನೆಯೇ ಈಗ ನನ್ನ ಕೆಲಸ. ರೋಗದ ಹೆಸರು ಡುಷೇನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಸುಮಾರು 5000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಎಕ್ಸ್ ವರ್ಣತಂತುವಿನ ಒಂದು ಭಾರೀ ಜೀನು ಕೆಟ್ಟು, ಡಿಸ್ಟ್ರೊಫಿನ್ ಎಂಬ ಪ್ರೊಟೀನು ಇಲ್ಲದೆ ಸ್ನಾಯು ಸವೆಯುತ್ತದೆ. ಅದೇ ಜೀನಿನಿಂದ ಮಿದುಳಿಗೂ ಬೇರೆ ಬೇರೆ ಅಳತೆಯ ಡಿಸ್ಟ್ರೊಫಿನ್ ಬರುತ್ತದೆ. ಜೀನಿನ ಕೊನೆಯ ಭಾಗ ಕೆಟ್ಟಿದ್ದರೆ ಅದಕ್ಕೂ ಕುತ್ತು, ಕಲಿಕೆಯ ತೊಂದರೆಯೂ ಹೆಚ್ಚು. ಈ ಮಕ್ಕಳ ಮಿದುಳಿನ ಬಿಳಿ ಭಾಗದಲ್ಲಿರುವ ವ್ಯತ್ಯಾಸವನ್ನು ನಿಮ್ಹಾನ್ಸ್‌ನವರು 2020ರಲ್ಲಿ ಎಂಆರ್‌ಐ ಮಾಡಿ ತೋರಿಸಿದ್ದಾರೆ. ಬುದ್ಧಿ ಚೆನ್ನಾಗಿರುವ ಮಕ್ಕಳೂ ಬೇಕಾದಷ್ಟಿದ್ದಾರೆ. ಅವರಲ್ಲೂ ಹಲವರಿಗೆ ಕೇಳಿದ್ದನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದೇ ಕಷ್ಟ. ಸ್ನಾಯುವಿನ ಹಾಗೆ ಇದು ವರ್ಷ ವರ್ಷ ಹದಗೆಡುವುದಿಲ್ಲ.

ನಾನು ‘ಐದು, ಎರಡು, ಎಂಟು’ ಎನ್ನುತ್ತೇನೆ, ಮಗು ಅದನ್ನು ತಿರುಗಿಸಿ ಹೇಳಬೇಕು. ಮೊದಲ ದಿನವೇ ಒಬ್ಬ ಹುಡುಗ ‘ಎಂಟು’ ಎಂದು ನಿಲ್ಲಿಸಿ ನನ್ನ ಮುಖ ನೋಡಿದ. ಆ ನೋಟ ನನಗೆ ಗುರುತಿತ್ತು.

ಕಳೆದ ವರ್ಷ ಗೆಳೆಯನ ಅಮ್ಮನನ್ನು ನೋಡಲು ಹೋದೆ. ಅವನು ತೀರಿಕೊಂಡು ಆರು ವರ್ಷ. ಆಶ್ಲೇಷಾ ಬಲಿ ಮಾಡಿಸಿದ್ದು, ಬಸ್ಸಿನಲ್ಲಿ ಮಣಿಪಾಲಕ್ಕೆ ಹೊತ್ತುಕೊಂಡು ಹೋದದ್ದು ಎಲ್ಲ ಹೇಳಿದರು. ಆಮೇಲೆ ಕೇಳಿದರು: ‘ಹಾಗಾದರೆ ಅವ ಉದಾಸೀನ ಮಾಡಿ ಬರೆಯದೆ ಇದ್ದದ್ದಲ್ಲ ಅಲ್ವಾ ಮಗಾ?’

ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು ಎಂಬುದು ನಾನು ಕಲಿತ ಉತ್ತರ. ‘ಅಲ್ಲ ಅಮ್ಮಾ’ ಎಂದೆ.

ಟೀಚರುಗಳೇ, ಇಂಥ ಮಗು ಬಂದರೆ ವಾಕ್ಯವನ್ನು ತುಂಡು ತುಂಡಾಗಿ ಹೇಳಿ, ಬೋರ್ಡಿನಲ್ಲಿ ಬರೆದು ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯ ಹೆಸರಿದೆ. ಹಳೆ ವಿದ್ಯಾರ್ಥಿ ಸಂಘದವರೇ, ಎಂಟನೇ ತರಗತಿಗೆ ಈಗಲೂ ಐದು ಮೆಟ್ಟಿಲು. ಸುವರ್ಣ ಮಹೋತ್ಸವದ ಲೆಕ್ಕದಲ್ಲಿ ಉಳಿದ ದುಡ್ಡಿನಲ್ಲಿ ಒಂದು ಇಳಿಜಾರು ಆದೀತೇ ನೋಡಿ. ನನ್ನ ಪಾಲನ್ನು ಇವತ್ತೇ ಕೊಟ್ಟು ಹೋಗುತ್ತೇನೆ.