ಪಕ್ಕದಲ್ಲಿ ಕೂತವಳು: ಸ್ಮೋಕಿಯ ನೆನಪು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ)



ಇವತ್ತು ಉಳಿತಾಯ, ಸಾಲ, ಕಂತು ಇವನ್ನೆಲ್ಲ ಸ್ವಲ್ಪ ಬದಿಗಿಡೋಣ. ಒಂದು ನಾಯಿಯ ವಿಷಯ ಹೇಳ್ತೇನೆ. ನಗಬೇಡಿ! ಮನೆ ಕಾಯುವ ನಾಯಿ, ತೋಟ ಕಾಯುವ ನಾಯಿ ನಮಗೆಲ್ಲ ಗೊತ್ತು. ರೋಗಿಗಳ ಮನಸ್ಸಿಗೆ ಸಮಾಧಾನ ಕೊಡುವ ನಾಯಿಯೂ ಉಂಟು. ಅದನ್ನು ಥೆರಪಿ ನಾಯಿ ಎನ್ನುತ್ತಾರೆ. ಈ ಕೆಲಸದಲ್ಲಿ ಮೊದಮೊದಲು ಹೆಸರಾದವಳು ಸ್ಮೋಕಿ. ನಾಯಿಯಾದರೂ ‘ಅವಳು’ ಎಂದೇ ಹೇಳ್ತೇನೆ.

ಅದು ಎರಡನೇ ಮಹಾಯುದ್ಧದ ಕಾಲ. 1944ರಲ್ಲಿ ನ್ಯೂಗಿನಿ ದ್ವೀಪದ ಕಾಡಿನಲ್ಲಿ, ಸೈನಿಕರು ಅಡಗಿ ಕೂರುವ ಗುಂಡಿಯೊಂದರಲ್ಲಿ ಒಂದು ಪುಟ್ಟ ಹೆಣ್ಣು ನಾಯಿ ಸಿಕ್ಕಿತು. ತೂಕ ಎರಡು ಕಿಲೋ ಕೂಡ ಇಲ್ಲ, ಎತ್ತರ ಬರೀ 7 ಇಂಚು. ಬಿಲ್ ವಿನ್ ಎಂಬ ಅಮೆರಿಕದ ಸೈನಿಕರು 2 ಆಸ್ಟ್ರೇಲಿಯನ್ ಪೌಂಡು ಕೊಟ್ಟು ಅವಳನ್ನು ಕೊಂಡುಕೊಂಡರು. ತಮ್ಮ ಊಟದಲ್ಲೇ ಪಾಲು ಕೊಟ್ಟು, ತಮ್ಮ ಡೇರೆಯಲ್ಲೇ ಮಲಗಿಸಿ ಸಾಕಿದರು.

ಅದೇ ವರ್ಷ ವಿನ್ ಅವರಿಗೆ ಡೆಂಗ್ಯೂ ಜ್ವರ ಬಂತು. ಡೆಂಗ್ಯೂವಿನ ಮೈಕೈ ನೋವು ಎಂಥದ್ದೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಸೈನ್ಯದ ಆಸ್ಪತ್ರೆಯಲ್ಲಿ ಮಲಗಿದ್ದ ಅವರನ್ನು ನೋಡಲು ಗೆಳೆಯರು ಸ್ಮೋಕಿಯನ್ನು ಕರೆತಂದರು. ದಾದಿಯರು ಅವಳನ್ನು ಬೇರೆ ಗಾಯಾಳುಗಳ ಹತ್ತಿರವೂ ಕರೆದುಕೊಂಡು ಹೋದರು. ಆಸ್ಪತ್ರೆಯ ಮುಖ್ಯಸ್ಥರಾದ ಡಾಕ್ಟರ್ ಚಾರ್ಲ್ಸ್ ಮೇಯೋ ಇದಕ್ಕೆ ಒಪ್ಪಿಗೆ ಕೊಟ್ಟರು. ರಾತ್ರಿ ಯಜಮಾನನ ಹಾಸಿಗೆಯಲ್ಲಿ ನಿದ್ದೆ, ಹಗಲು ವಾರ್ಡಿನಲ್ಲಿ ಕೆಲಸ!

1945ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ವಿಮಾನ ಇಳಿಯುವ ಮೈದಾನದ ಕೆಳಗೆ 70 ಅಡಿ ಉದ್ದದ, 8 ಇಂಚು ಅಗಲದ ಕೊಳವೆಯೊಳಗೆ ತೂರಿಹೋಗಿ ಅವಳು ಟೆಲಿಫೋನ್ ತಂತಿ ಎಳೆದುಕೊಟ್ಟಳು. ಜನ ಹೆಚ್ಚು ಹೊಗಳುವುದು ಈ ಸಾಹಸವನ್ನೇ. ಆದರೆ ಅದು ಒಂದು ದಿನದ ಕೆಲಸ. ರೋಗಿಗಳ ಸೇವೆ ಮಾತ್ರ ಒಟ್ಟು 12 ವರ್ಷ ನಡೆಯಿತು. ಯುದ್ಧ ಮುಗಿದು ಅಮೆರಿಕಕ್ಕೆ ಹೋದ ಮೇಲೂ ಅವಳು ಆಸ್ಪತ್ರೆಗಳಿಗೆ ಹೋಗಿ ಮಾಜಿ ಸೈನಿಕರನ್ನು ನಗಿಸುತ್ತಿದ್ದಳು. 1957ರ ಫೆಬ್ರವರಿ 21ರಂದು ತೀರಿಕೊಂಡಳು. 2005ರಲ್ಲಿ ಓಹಾಯೋ ರಾಜ್ಯದಲ್ಲಿ ಅವಳ ಸಮಾಧಿಯ ಬಳಿ, ಸೈನಿಕನ ಹೆಲ್ಮೆಟ್ಟಿನೊಳಗೆ ಕೂತ ಅವಳ ಕಂಚಿನ ಪ್ರತಿಮೆ ಇಟ್ಟರು. ಅದನ್ನು ನೋಡಲು ವಿನ್ ಅವರೂ ಇದ್ದರು. ಅವರು 2021ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ಪುಟ್ಟ ಜೀವ ರೋಗಿಗಳಿಗೆ ಕೊಟ್ಟದ್ದಾದರೂ ಏನು? ಔಷಧ ಅಲ್ಲ, ಬುದ್ಧಿಮಾತೂ ಅಲ್ಲ. ಹತ್ತಿರ ಬಂದು ಕೂತಳು, ಅಷ್ಟೇ. ಅದಕ್ಕೂ ಬೆಲೆ ಉಂಟು. ನಾಯಿ, ಬೆಕ್ಕುಗಳನ್ನು 10 ನಿಮಿಷ ನೇವರಿಸಿದ ವಿದ್ಯಾರ್ಥಿಗಳಲ್ಲಿ ಒತ್ತಡದ ಹಾರ್ಮೋನು ಕಡಿಮೆಯಾದದ್ದನ್ನು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ.

ಹಾಗಂತ ನಾಳೆಯೇ ನಿಮ್ಮ ನಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಡಿ! ಅದಕ್ಕೆ ತರಬೇತಿ, ಲಸಿಕೆ, ವೈದ್ಯರ ಅನುಮತಿ ಎಲ್ಲ ಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆದರೆ ಸ್ಮೋಕಿಯ ಕೆಲಸವನ್ನು ನಾವೂ ಮಾಡಬಹುದಲ್ವಾ? ರೋಗಿಯನ್ನು ನೋಡಲು ಹೋದಾಗ ನಾವು ಏನು ಹೇಳ್ತೇವೆ? “ಅಯ್ಯೋ, ಎಷ್ಟು ಸಪೂರ ಆಗಿದ್ದೀರಿ!” “ಇದೇ ಕಾಯಿಲೆಯಲ್ಲಿ ನಮ್ಮ ನೆರೆಮನೆಯವರು ಹೋದರು!” ಸ್ಮೋಕಿ ಇಂಥದ್ದು ಒಂದನ್ನೂ ಹೇಳಲಿಲ್ಲ.

ಗಂಡನನ್ನು ಕಳೆದುಕೊಂಡ ಸದಸ್ಯೆ ಮೂರು ವಾರ ಸಭೆಗೆ ಬಾರದಿದ್ದರೆ ಅವಳ ಹೆಸರಿನ ಮುಂದೆ ‘ಗೈರು’ ಎಂದು ಬರೆಯುತ್ತೇವೆ. ಕಂತು ಬಾಕಿ ಎಂದೂ ಬರೆಯುತ್ತೇವೆ. ಲೆಕ್ಕ ಬೇಕು, ಬೇಡ ಎನ್ನುವುದಿಲ್ಲ. ಆದರೆ ಮೊದಲ ಸಲ ಅವಳ ಮನೆಗೆ ಹೋಗುವಾಗ ಕಂತಿನ ಪುಸ್ತಕ ತೆಗೆದುಕೊಂಡು ಹೋಗಬೇಡಿ. ಇಬ್ಬರೇ ಹೋಗಿ. ಪಕ್ಕದಲ್ಲಿ ಕೂತುಕೊಳ್ಳಿ. ಅವಳು ಅತ್ತರೆ ಅಳಲಿ, ಮಾತಾಡಿದರೆ ಕೇಳಿ, ಸುಮ್ಮನಿದ್ದರೆ ನೀವೂ ಸುಮ್ಮನಿರಿ.

ಮುಂದಿನ ವಾರದ ಸಭೆಯಲ್ಲಿ ಹಾಜರಿ ಕರೆಯುವಾಗ ಯಾರು ಬಂದಿಲ್ಲ ಎಂದು ನೋಡಿ. ಅವರ ಮನೆಗೆ ಯಾವ ಇಬ್ಬರು, ಯಾವ ದಿನ ಹೋಗುವುದೆಂದು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಬರೆದಂತೆ ಹೋಗಿ ಬನ್ನಿ.